ಮಿಸ್ ಗಂಟಲು ಕಟ್ಟಿದ ದಿನ

ಸಂಜೆ ಡೇ ಕೇರಿನ ಬಾಗಿಲು ತೆರೆಯುವ ಹೊತ್ತಿಗೆ ಗೇಟಿನೊಳಗಿನ ಪುಟ್ಟ ಅಂಗಳದಲ್ಲಿ ಅಪ್ಪ ಅಮ್ಮಂದಿರ ಗುಂಪು ಸೇರಿರುತ್ತಿತ್ತು. ಕೆಲವರ ಕೈಯಲ್ಲಿ ತರಕಾರಿ ಚೀಲ, ಕೆಲವರ ಕಿವಿಯಲ್ಲಿ ಫೋನು, ಎಲ್ಲರ ಮುಖದಲ್ಲೂ ದಿನವಿಡೀ ದುಡಿದ ದಣಿವು. ಆದರೂ ಬಾಗಿಲು ತೆರೆದು ಮಿಸ್ ಹೊಸ್ತಿಲಿಗೆ ಬಂದು ನಿಂತರೆಂದರೆ ಎಲ್ಲರೂ ನೆಟ್ಟಗಾಗುತ್ತಿದ್ದರು. ಪರೀಕ್ಷೆ ಬರೆದವರು ಮಕ್ಕಳಾದರೂ ಫಲಿತಾಂಶ ಬರುವುದು ತಮಗೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಿಸ್ ಎಂದರೆ ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ತಮ್ಮ ಮನೆಯ ಕೆಳಗಿನ ಕೋಣೆಗಳಲ್ಲೇ ಡೇ ಕೇರ್ ನಡೆಸುತ್ತಿದ್ದರು. ಮಕ್ಕಳಿಗೆ ಊಟ ಮಾಡಿಸುವುದು, ಮೂಗು ಒರೆಸುವುದು, ಮಲಗಿಸುವುದು, ಯಾವುದರಲ್ಲೂ ಹೆಸರಿಡುವಂತಿರಲಿಲ್ಲ. ದೇವರು ಅವರಿಗೆ ಧ್ವನಿಯನ್ನು ಮಾತ್ರ ಸ್ವಲ್ಪ ಧಾರಾಳವಾಗಿಯೇ ಕೊಟ್ಟಿದ್ದ. ಸಂಜೆ ಒಂದೊಂದೇ ಮಗುವನ್ನು ಹೊಸ್ತಿಲಿಗೆ ತಂದು ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು, ಅದು ಆ ದಿನ ಮಾಡಿದ್ದನ್ನೆಲ್ಲ ಅಂಗಳಕ್ಕೆಲ್ಲ ಕೇಳುವಂತೆ ಒಪ್ಪಿಸುವುದು ಅವರ ಪದ್ಧತಿ. ಒಳ್ಳೆಯದನ್ನು ಹೇಳಬಾರದು ಎಂದೇನೂ ಅವರಿಗಿರಲಿಲ್ಲ. ಆದರೆ ಒಳ್ಳೆಯದು ಸದ್ದು ಮಾಡುವುದಿಲ್ಲ, ಹಾಗಾಗಿ ಸಂಜೆಯವರೆಗೆ ಅವರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

"ಬುಗುರಿ ಅಮ್ಮ ಬಂದ್ರಾ? ಬನ್ನಿ, ಮುಂದೆ ಬನ್ನಿ."

ಬುಗುರಿಯ ಅಮ್ಮ ಮುಂದೆ ಬಂದಳು. ಒಂದು ಕಡೆ ನಿಲ್ಲದೆ ಗಿರಗಿರ ತಿರುಗುವ ನಾಲ್ಕು ವರ್ಷದ ಮಗಳಿಗೆ ಮನೆಯವರು ಇಟ್ಟಿದ್ದ ಆ ಹೆಸರು ಇಲ್ಲಿಯೂ ನಿಂತುಬಿಟ್ಟಿತ್ತು. ಅಮ್ಮ ಬಾಯಿಬಿಟ್ಟು ಆಡಿದ ಮೊದಲ ಮಾತು ದಿನವೂ ಆಡುವ ಮಾತೇ. "ಇವತ್ತೇನು ಮಾಡಿದ್ಲು ಮಿಸ್?"

"ಏನು ಮಾಡ್ಲಿಲ್ಲ ಅಂತ ಕೇಳಿ! ಬೆಳಿಗ್ಗೆ ಹಾಲಿನ ಲೋಟ ಬೇಕಂತಲೇ ಉರುಳಿಸಿದ್ಲು. ಮಧ್ಯಾಹ್ನ ತಾನೂ ಮಲಗ್ಲಿಲ್ಲ, ಮಲಗಿದ್ದೋರನ್ನೂ ಬಿಡ್ಲಿಲ್ಲ. ಈಗ ಒಂದು ಗಂಟೆ ಮುಂಚೆ ಗುಂಡೂಗೆ ಕಚ್ಚಿದಾಳೆ. ನೋಡಿ, ತೋಳಿನ ಮೇಲೆ ಹಲ್ಲಿನ ಗುರುತು ಇನ್ನೂ ಹಾಗೇ ಇದೆ."

ಗುಂಡುವಿನ ಅಮ್ಮ ಅಲ್ಲೇ ಇದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಮಾತು ಕಡಿಮೆ ಆಡುವ ಹೆಂಗಸು. ಮಗನ ತೋಳನ್ನು ತಿರುಗಿಸಿ ನೋಡಿ ತುಟಿ ಬಿಗಿದುಕೊಂಡರು. ಅವರು ಜಗಳಕ್ಕೆ ನಿಂತಿದ್ದರೇ ವಾಸಿಯಿತ್ತು. ಬುಗುರಿಯ ಅಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಯಾಕೆ ಕಚ್ಚಿದೆ? ಹೇಳೇ. ಈಗ್ಲೇ ಎಲ್ಲರ ಮುಂದೆ ಸಾರಿ ಕೇಳು."

ಬುಗುರಿ ಸಾರಿ ಕೇಳಲಿಲ್ಲ. ಕೈಯಲ್ಲಿದ್ದ ಶೂ ಒಂದನ್ನು ಬೀಸಿ ಎಸೆದಳು. ಅದು ಯಾರದೋ ತರಕಾರಿ ಚೀಲಕ್ಕೆ ಬಡಿದು ಟೊಮೇಟೊ ಹಣ್ಣುಗಳು ಅಂಗಳದ ತುಂಬ ಉರುಳಿದವು. ಆಮೇಲೆ ಶೂ ಸ್ಟ್ಯಾಂಡಿಗೆ ಒಂದು ಒದೆ ಕೊಟ್ಟು, ಎಲ್ಲರ ಚಪ್ಪಲಿಗಳ ಮಧ್ಯೆ ಅಂಗಾತ ಮಲಗಿ ಕಾಲು ಬಡಿಯತೊಡಗಿದಳು. ಅಮ್ಮ ರಟ್ಟೆ ಹಿಡಿದು ಎಬ್ಬಿಸಿ ಬೆನ್ನಿಗೊಂದು ಕೊಟ್ಟಳು. ಹಿಂದಿನಿಂದ ಯಾರೋ "ಈಗಿನ ಮಕ್ಕಳು" ಎಂದು ನಿಟ್ಟುಸಿರುಬಿಟ್ಟರು.

ಮಿಸ್ ಧ್ವನಿ ತಗ್ಗಿಸಿದರು. ಅವರು ತಗ್ಗಿಸಿದ ಧ್ವನಿಯೂ ಗೇಟಿನವರೆಗೆ ಕೇಳುತ್ತಿತ್ತು. "ನೋಡಮ್ಮಾ, ಬೇಜಾರು ಮಾಡ್ಕೋಬೇಡಿ. ಹಗಲೆಲ್ಲ ಏನೋ ಒಂದು ಹದದಲ್ಲಿ ಇರ್ತಾಳೆ. ನೀವು ಗೇಟು ತೆಗೆದ ಸದ್ದು ಕೇಳಿದ್ರೆ ಸಾಕು, ಕಣ್ಣೇ ಬೇರೆ ಆಗ್ಬಿಡುತ್ತೆ. ಗುಂಡು ಅಮ್ಮನೂ ಮೊನ್ನೆಯೇ ಹೇಳಿದಾರೆ, ಇವ್ಳು ಇಲ್ಲಿದ್ರೆ ಅವರು ಬೇರೆ ಕಡೆ ನೋಡ್ತಾರಂತೆ. ಈ ತಿಂಗಳು ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ನಾನು ಇಟ್ಕೊಳ್ಳೋದು ಕಷ್ಟ."

ಆ ಮಾತು ಬುಗುರಿಯ ಅಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಅವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ಟೇಬಲ್ಲಿನ ಮೇಲೆ ಹರಡಿ, ಬಿಟ್ಟುಹೋದ ಹೊಲಿಗೆ, ಜೋತುಬಿದ್ದ ದಾರ, ಎಣ್ಣೆಯ ಕಲೆ, ಎಲ್ಲಿ ಏನು ತಪ್ಪಿದೆಯೋ ಅಲ್ಲಿಗೆ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸಿ ಹಿಂದಕ್ಕೆ ಕಳಿಸುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಅವಳ ಶಿಫ್ಟು ಮುಗಿಯುವವರೆಗೆ ಮಕ್ಕಳನ್ನು ನೋಡಿಕೊಳ್ಳುವ ಡೇ ಕೇರ್ ಆ ಸುತ್ತಿನಲ್ಲಿ ಇದೊಂದೇ. ಇಲ್ಲಿಂದ ಬೇಡವೆಂದರೆ ಮಗಳು ಮನೆಯಲ್ಲಿ, ಮಗಳ ಹಿಂದೆ ಅವಳೂ ಮನೆಯಲ್ಲಿ. ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದ ಮೇಲೆ ಗಂಡನ ಹತ್ತಿರ ಹೇಳಿಕೊಂಡಳು. ಅವನು ಕೊರಿಯರ್ ವ್ಯಾನಿನ ಡ್ರೈವರು. ಬೆಳಿಗ್ಗೆ ಮಗಳನ್ನು ಬಿಟ್ಟುಬರುವುದು ಅವನ ಪಾಲಿನ ಕೆಲಸ.

"ನನ್ನ ಜೊತೆ ಒಂದಿನಾನೂ ಹೀಗೆ ಮಾಡಿಲ್ಲಪ್ಪ" ಎಂದ ಅವನು ಸ್ವಲ್ಪ ಹೆಮ್ಮೆಯಿಂದಲೇ. "ಬಿಟ್ಟ ಕೂಡ್ಲೇ ಒಳಗೆ ಹೋಗ್ತಾಳೆ."

"ಚಾಕ್ಲೇಟ್ ಕೊಟ್ರೆ ನಾನೂ ಹೋಗ್ತೀನಿ."

"ಒಂದು ಚಾಕ್ಲೇಟ್ ತಾನೇ? ಅವ್ಳು ಕಾಗದ ಬಿಚ್ಚೋದ್ರಲ್ಲಿ ಮೈಮರೆತಿರ್ತಾಳೆ, ನಾನು ಹಿಂದಿಂದ ಜಾರ್ಕೋತೀನಿ. ಅಳೋದೂ ಇಲ್ಲ, ಕರೆಯೋದೂ ಇಲ್ಲ."

"ಒಂದಿತ್ತು, ಎರಡಾಯ್ತು. ಇವತ್ತು ಅದರ ಜೊತೆ ಬಿಸ್ಕತ್ ಪೊಟ್ಟಣಾನೂ ಆಯ್ತಂತೆ. ಲಂಚ ಕೊಟ್ಟು ಓಡಿಹೋಗೋದನ್ನ ಮಗೂನ ಬಿಟ್ಟುಬರೋದು ಅಂತಾರೇನ್ರೀ?"

"ನೀನು ಬೈದು ಎಳ್ಕೊಂಡು ಬರೋದಕ್ಕಿಂತ ವಾಸಿ ಅಲ್ವಾ?" ಎಂದ ಗಂಡ. ಇಬ್ಬರೂ ಸ್ವಲ್ಪ ಸ್ವಲ್ಪ ಸರಿಯಾಗಿದ್ದುದರಿಂದ ಜಗಳ ಅಲ್ಲಿಗೇ ನಿಂತಿತು.

ಅದಾದ ಮೇಲೆ ಅವಳಿಗೆ ಸಂಜೆಯೆಂದರೆ ಹೆದರಿಕೆಯಾಗತೊಡಗಿತು. ಶಿಫ್ಟು ಮುಗಿದ ಗಂಟೆ ಹೊಡೆದಾಗ ಉಳಿದವರೆಲ್ಲ ಬ್ಯಾಗು ಹೆಗಲಿಗೇರಿಸಿ ಓಡಿದರೆ, ಇವಳು ಮಾತ್ರ ಟೇಬಲ್ ಒರೆಸುತ್ತ ನಿಲ್ಲುತ್ತಿದ್ದಳು. ಹೆತ್ತ ಮಗಳನ್ನು ಕರೆತರಲು ಕಾಲು ಬಾರದ ತಾಯಿ ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು. ಪಕ್ಕದ ಟೇಬಲ್ಲಿನ ಅಕ್ಕ ಒಮ್ಮೆ "ಏನೇ, ಮನೆ ಕಡೆ ದಾರಿ ಮರೆತುಹೋಯ್ತಾ?" ಎಂದು ನಕ್ಕಾಗ ಇವಳಿಗೆ ನಗು ಬರಲಿಲ್ಲ.

ಹೀಗಿರುವಾಗ ಒಂದು ಸಂಜೆ ಗೇಟು ತೆಗೆದು ಒಳಗೆ ಬಂದರೆ ಅಂಗಳದಲ್ಲಿ ಸದ್ದೇ ಇಲ್ಲ. ಹೊಸ್ತಿಲ ಮೇಲೆ ಮಿಸ್ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಒಬ್ಬ ತಂದೆ ಅಭ್ಯಾಸಬಲದಿಂದ "ನಮ್ಮೋನು ಇವತ್ತೇನು ಮಾಡ್ದ ಮಿಸ್?" ಎಂದು ಕೇಳಿದ. ಮಿಸ್ ಬಾಯಿ ತೆರೆದರು. ಸೈಕಲ್ಲಿನ ಗಾಳಿ ಬಿಟ್ಟಂಥ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಹೇಳಬೇಕಾದ್ದು ಬೆಟ್ಟದಷ್ಟಿದ್ದು ಹೇಳಲಾಗದ ಸಂಕಟ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಕೊನೆಗೆ ಕರೆದುಕೊಂಡು ಹೋಗಿ ಎಂದು ಕೈಬೀಸಿಬಿಟ್ಟರು.

ಬುಗುರಿ ಹೊರಗೆ ಬಂದಳು. ಶೂ ಹಿಡಿದ ಕೈ ಆಗಲೇ ಮೇಲೆದ್ದಿತ್ತು. ಗಲ್ಲ ಎತ್ತಿ ಮಿಸ್ ಕಡೆ ನೋಡಿದಳು. ಮಿಸ್ ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಅಮ್ಮನ ಕಡೆ ನೋಡಿದಳು. ಅಮ್ಮನ ನಾಲಗೆಯ ತುದಿಗೆ ದಿನದ ಪ್ರಶ್ನೆ ಬಂದು ನಿಂತಿತ್ತು, ಆದರೆ ಕೇಳಿದರೆ ಉತ್ತರ ಕೊಡುವವರು ಯಾರು? ಮಾಡಲು ಬೇರೇನೂ ಇಲ್ಲದೆ ಅವಳು ಸುಮ್ಮನೆ ಮಗಳನ್ನು ನೋಡಿದಳು. ಕೂದಲು ಕೆದರಿತ್ತು. ಒಂದು ಕಿವಿಯ ಹಿಂದೆ ನೀಲಿ ಬಣ್ಣ ಮೆತ್ತಿತ್ತು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಮಂಕು. ಈ ಮುಖವನ್ನು ಈ ಹೊತ್ತಿನಲ್ಲಿ ತಾನು ನೋಡಿಯೇ ಎಷ್ಟು ದಿನವಾಯಿತು ಎನ್ನಿಸಿತು.

"ಬಂದ್ಯಾ?" ಎಂದಳು.

ಅದನ್ನು ಅವಳು ಜಾಣತನದಿಂದ ಹೇಳಿದ್ದಲ್ಲ, ಬೇರೆ ಮಾತು ತೋಚದೆ ಹೇಳಿದ್ದು. ಬುಗುರಿ ಎತ್ತಿದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೆಳಗೆ ಕೂತು ಶೂ ಹಾಕಿಕೊಂಡಳು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಮ್ಮ ಅದನ್ನೂ ಹೇಳಲು ಹೋಗಲಿಲ್ಲ. ಇಬ್ಬರೂ ಗೇಟು ದಾಟಿ ರಸ್ತೆಗೆ ಬಂದರು.

ಮೂಲೆಯ ಇಸ್ತ್ರಿ ಅಂಗಡಿ ದಾಟಿದ ಮೇಲೆ ಬುಗುರಿ ಬಾಯಿ ತೆರೆದಳು.

"ಅಮ್ಮಾ, ಮಿಸ್ ಹೇಳ್ಲೇ ಇಲ್ಲ."

"ಏನನ್ನ?"

"ನಾನು ಮಾಡಿದ್ದು."

"ಏನು ಮಾಡಿದೆ?" ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಅಂಗಳದಲ್ಲಿ ಮೈ ಬಿಸಿಯಾಗದೆ ಉಳಿದಿದ್ದರಿಂದ ಕೋಪ ಬರಲು ದಾರಿಯೇ ಇರಲಿಲ್ಲ.

"ಗುಂಡು ಬ್ಯಾಗಿಗೆ ನೀರು ಹುಯ್ದೆ. ಆಮೇಲೆ ಪಾಪು ಅಳ್ತಿತ್ತಲ್ಲ, ತಟ್ಟಿ ತಟ್ಟಿ ಮಲಗಿಸ್ದೆ. ಮಿಸ್‌ಗೆ ಬರ್ಲಿಲ್ಲ, ನಂಗೆ ಬಂತು."

ಡೇ ಕೇರಿಗೆ ಹೊಸದಾಗಿ ಒಂದು ಕೂಸು ಬಂದಿದೆ ಎನ್ನುವುದೇ ಅಮ್ಮನಿಗೆ ಗೊತ್ತಿರಲಿಲ್ಲ. "ನೀರು ಯಾಕೆ ಹುಯ್ದೆ?"

"ಅವನು ಹಾಡು ಹೇಳ್ತಾನೆ. ನಿಮ್ಮಮ್ಮ ಬರ್ತಾರೆ, ನಿಂಗೆ ಬೈತಾರೆ, ನಿಮ್ಮಮ್ಮ ಬರ್ತಾರೆ, ನಿಂಗೆ ಹೊಡೀತಾರೆ, ಅಂತ. ಎಲ್ಲರೂ ಹೇಳ್ತಾರೆ. ದಿನಾ."

ಬುಗುರಿ ಆ ಹಾಡನ್ನು ರಾಗವಾಗಿಯೇ ಹಾಡಿ ತೋರಿಸಿದಳು. ಅಮ್ಮ ನಡೆಯುವುದನ್ನು ನಿಲ್ಲಿಸಿದಳು. ಮುಚ್ಚಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಅವಳ ಶೂ ಬಿಚ್ಚಿ ಸರಿಯಾದ ಕಾಲಿಗೆ ಹಾಕತೊಡಗಿದಳು.

"ನಾನು ಬಂದ ಕೂಡ್ಲೇ ಶೂ ಎಸೀತೀಯಲ್ಲ ಪುಟ್ಟಾ, ಅದ್ಯಾಕೆ?"

ಬುಗುರಿ ಸ್ವಲ್ಪ ಯೋಚಿಸಿದಳು.

"ನೀನು ಹೇಗೂ ಬೈತೀಯಲ್ಲ."

ಅದರಲ್ಲಿ ದೂರು ಇರಲಿಲ್ಲ, ಅಳುವೂ ಇರಲಿಲ್ಲ. ಕತ್ತಲಾಯಿತು, ದೀಪ ಹಾಕು ಎಂದಷ್ಟೇ ಸಹಜವಾಗಿ ಹೇಳಿದ್ದಳು. ದಿನವೂ ತಾನು ಆ ಗೇಟು ತೆಗೆಯುವುದನ್ನು ಮಗಳು ಕಾಯುತ್ತಿರುತ್ತಾಳೆ ಎಂದುಕೊಂಡಿದ್ದಳು. ಕಾಯುತ್ತಿದ್ದುದು ನಿಜ. ಏನನ್ನು ಕಾಯುತ್ತಿದ್ದಳು ಎಂಬುದು ಈಗ ತಿಳಿಯಿತು. ಅವಳಿಗೆ ಅಳು ಬಂತು. ರಸ್ತೆಯಲ್ಲಿ ಅತ್ತರೆ ಚೆನ್ನಾಗಿರುವುದಿಲ್ಲವೆಂದು ಶೂ ಲೇಸನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದಳು.

ಮರುದಿನ ಬೆಳಿಗ್ಗೆ ಫ್ಯಾಕ್ಟರಿಗೆ ಒಂದು ಗಂಟೆ ತಡವಾಗಿ ಬರುವುದಾಗಿ ಹೇಳಿ ಗಂಡನ ವ್ಯಾನಿನಲ್ಲೇ ಅವಳೂ ಹೊರಟಳು. ಗಂಡ ಜೇಬಿಗೆ ಕೈಹಾಕುತ್ತಿದ್ದಂತೆ ಕಣ್ಣಲ್ಲೇ ತಡೆದಳು. "ಮುಖ ನೋಡಿ ಹೇಳಿ ಹೋಗಿ ಇವತ್ತು" ಎಂದಳು. ಅವನು ಬಾಗಿಲ ಬಳಿ ಮಂಡಿಯೂರಿ, "ಅಪ್ಪ ಕೆಲಸಕ್ಕೆ ಹೋಗ್ಬರ್ತೀನಿ ಕಂದಾ. ಸಂಜೆ ಅಮ್ಮ ಬರ್ತಾಳೆ" ಎಂದ. ಬುಗುರಿ ಚಾಕ್ಲೇಟಿಗೆ ಕೈಚಾಚಿದಳು, ಇಲ್ಲವೆಂದು ಗೊತ್ತಾದಾಗ ಬೀದಿಗೆಲ್ಲ ಕೇಳುವಂತೆ ಅತ್ತಳು. ಗಂಡ ಹೊರಗೆ ವ್ಯಾನಿನಲ್ಲಿ ಕೂತು ಗಾಡಿ ಚಾಲೂ ಮಾಡಲಾಗದೆ ಸ್ಟೀರಿಂಗ್ ಹಿಡಿದುಕೊಂಡಿದ್ದ. ಒಳಗಿನ ಅಳು ನಿಂತು ಯಾರೋ ನಕ್ಕ ಸದ್ದು ಕೇಳಿದ ಮೇಲೆಯೇ ಅವನಿಗೆ ಉಸಿರು ಬಂದದ್ದು. ಇಷ್ಟು ದಿನ ತಾನು ಓಡಿಹೋಗುತ್ತಿದ್ದುದು ಮಗಳ ಅಳುವನ್ನು ತಪ್ಪಿಸಲಿಕ್ಕಲ್ಲ, ತನ್ನ ಸಂಕಟವನ್ನು ತಪ್ಪಿಸಿಕೊಳ್ಳಲಿಕ್ಕೆ ಎಂದು ಆಮೇಲೆ ಹೆಂಡತಿಯ ಹತ್ತಿರ ಒಪ್ಪಿಕೊಂಡ.

ಅಮ್ಮ ಅಡುಗೆಮನೆಯಲ್ಲಿ ಮಿಸ್ ಹತ್ತಿರ ನಿಂತಿದ್ದಳು. ಮಿಸ್ ಬಿಸಿನೀರು ಗುಟುಕರಿಸುತ್ತಿದ್ದರು. ಬಹಳ ಕಷ್ಟಪಟ್ಟರೆ ಪಿಸುಮಾತು ಬರುವಷ್ಟು ಗಂಟಲು ಬಿಟ್ಟಿತ್ತು. ಅವಳು ಮಗಳು ಹೇಳಿದ್ದನ್ನೆಲ್ಲ ಹೇಳಿದಳು, ಹಾಡನ್ನೂ ಹೇಳಿದಳು. ಮಿಸ್ ಮುಖ ಬಿಗಿಯಿತು.

"ಅಂದ್ರೆ ನಾನು ಮಕ್ಕಳ ಮೇಲೆ ಚಾಡಿ ಹೇಳ್ತೀನಿ ಅಂತಲಾ?"

"ಹಾಗಲ್ಲ ಮಿಸ್."

"ನಿಮಗೆ ಗೊತ್ತಿಲ್ಲ." ಮಿಸ್ ಒಂದೊಂದು ಮಾತಿಗೂ ನಿಂತು ನಿಂತು ಹೇಳಿದರು. "ಹಿಂದೆ ಒಂದು ಮಗು ಮೆಟ್ಟಿಲಿಂದ ಜಾರಿ ಬಿತ್ತು. ಹಣೆ ಸ್ವಲ್ಪ ಊದಿತ್ತು, ಅಷ್ಟೇ. ಸಣ್ಣದು ಅಂತ ಹೇಳ್ಲಿಲ್ಲ. ಅವರಪ್ಪ ಬಂದು ಇದೇ ಗೇಟಲ್ಲಿ ನಿಂತು, ಮುಚ್ಚಿಟ್ಟೆ ಅಂತ ನನ್ನನ್ನ ಆಡಬಾರದ ಮಾತೆಲ್ಲ ಆಡಿದ್ರು. ಬೀದಿಗೆ ಬೀದೀನೇ ನಿಂತು ನೋಡ್ತು. ಅವತ್ತೇ ತೀರ್ಮಾನ ಮಾಡ್ದೆ. ಏನೇ ಆಗ್ಲಿ ಎಲ್ಲರ ಎದುರಿಗೆ, ಗಟ್ಟಿಯಾಗಿ ಹೇಳ್ಬಿಡೋದು. ಆಮೇಲೆ ಯಾರೂ ನನ್ನ ಕಡೆ ಬೆರಳು ತೋರಿಸೋ ಹಾಗಿಲ್ಲ."

ಅವಳಿಗೆ ಮಿಸ್ ಮೇಲೆ ಮೊದಲ ಬಾರಿ ಕನಿಕರ ಬಂತು. "ಬಿದ್ದದ್ದು, ಪೆಟ್ಟು, ಜ್ವರ, ಕಚ್ಚಿದ್ದು, ಎಲ್ಲಾ ಹೇಳಿ ಮಿಸ್. ಒಳಗೆ ಕರೆದು ನನಗೊಬ್ಬಳಿಗೇ ಹೇಳಿ. ಆದ್ರೆ ಹಾಲು ಚೆಲ್ಲಿದ್ದು ಅಲ್ಲೇ ಮುಗೀಬೇಕಲ್ವಾ? ಬೆಳಿಗ್ಗೆ ಚೆಲ್ಲಿದ ಹಾಲಿಗೆ ಸಂಜೆ ನಾನು ಬೈದ್ರೆ ಅವ್ಳಿಗೆ ಅದು ಯಾವ ಹಾಲು ಅಂತ್ಲೂ ನೆನಪಿರಲ್ಲ. ಅಮ್ಮ ಬಂದ್ಲು, ಬೈಗುಳ ಬಂತು, ಅಷ್ಟೇ ಗೊತ್ತಾಗೋದು."

"ಮತ್ತೆ ನೀವು?" ಮಿಸ್ ಲೋಟ ಕೆಳಗಿಟ್ಟರು. "ಕಾಲಿಟ್ಟ ಕೂಡ್ಲೇ ಇವತ್ತೇನು ಮಾಡಿದ್ಲು ಅಂತ ಕೇಳೋರು ಯಾರು? ನೀವು ಕೇಳಿದ್ದಕ್ಕೆ ತಾನೇ ನಾನು ಉತ್ತರ ಕೊಡೋದು?"

ಇಡೀ ದಿನ ಅಂಗಿಯಲ್ಲಿ ತಪ್ಪು ಹುಡುಕಿ ಹುಡುಕಿ, ಅದೇ ಕಣ್ಣಿನಲ್ಲಿ ನೇರವಾಗಿ ಮಗಳ ಹತ್ತಿರ ಬರುತ್ತಿದ್ದವಳು ತಾನೇ. "ಹೌದು ಮಿಸ್. ಇನ್ನು ಕೇಳಲ್ಲ" ಎಂದಳು.

"ನಂದು ಎಷ್ಟೋ ವರ್ಷದ ಅಭ್ಯಾಸ ಕಣಮ್ಮಾ. ಬಾಯಿಗೆ ತಾನಾಗೇ ಬಂದ್ಬಿಡುತ್ತೆ. ಮಾತು ಕೊಡಲ್ಲ" ಎಂದು ಮಿಸ್ ಮುಖ ತಿರುಗಿಸಿ ಹಾಲು ಕಾಯಿಸಲು ನಿಂತರು.

ಇದರಿಂದ ಬುಗುರಿ ರಾತ್ರಿ ಬೆಳಗಾಗುವುದರಲ್ಲಿ ಬಂಗಾರದ ಗೊಂಬೆಯಾದಳು ಎಂದು ಯಾರೂ ತಿಳಿಯಬಾರದು. ಮಿಸ್ ಗಂಟಲು ಇನ್ನೂ ಬಿಡದಿದ್ದ ಒಂದು ಸಂಜೆ, ಯಾರೂ ಬೈಯದಿದ್ದರೂ, ಅಮ್ಮನ ಮುಖವನ್ನೇ ನೋಡುತ್ತ ಶೂವನ್ನು ಅಂಗಳದ ಆ ತುದಿಗೆ ಎಸೆದಳು. ನಿಜವಾಗಿಯೂ ಬೈಯುವುದಿಲ್ಲವೇ ಎಂದು ಪರೀಕ್ಷಿಸುವ ನೋಟ ಅದು. ಅಮ್ಮನಿಗೆ ಕೈ ತುರಿಸಿತು. ಆದರೂ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಶೂ ತಂದು ಹಾಕ್ಕೋ, ಮನೆಗೆ ಹೋಗೋಣ. ನೀನು ತರೋವರೆಗೂ ನಾನು ಇಲ್ಲೇ ಕೂತಿರ್ತೀನಿ."

"ನೀನೇ ತಾ."

"ಎಸೆದೋರು ತರಬೇಕು."

ಬುಗುರಿ ಅತ್ತಳು, ಉರುಳಾಡಿದಳು, ನೀರು ಬೇಕೆಂದಳು, ಕಾಲು ನೋವೆಂದಳು. ಅಂಗಳ ಖಾಲಿಯಾಗುತ್ತ ಬಂತು. ಹೋಗುವವರೆಲ್ಲ ಒಂದು ಸಲಹೆ ಕೊಟ್ಟೇ ಹೋದರು. ಎರಡು ಬಿಗೀರಿ ಎಂದು ಒಬ್ಬರು, ಪಾಪ ನೀವೇ ಎತ್ಕೊಡಿ ಎಂದು ಇನ್ನೊಬ್ಬರು. ಅಮ್ಮ ಇಬ್ಬರಿಗೂ ನಕ್ಕು ತಲೆಯಾಡಿಸಿ ಕೂತೇ ಇದ್ದಳು. ಕೊನೆಗೆ ಬುಗುರಿ ಮೂಗು ಏರಿಸುತ್ತ ಒಂಟಿಕಾಲಲ್ಲಿ ಕುಂಟಿಕೊಂಡು ಹೋಗಿ ಶೂ ತಂದಳು. ಅಮ್ಮ ಹೊಗಳಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿ ಕೈಹಿಡಿದು ಎದ್ದಳು.

ಗೇಟಿನ ಹೊರಗೆ ಗುಂಡುವಿನ ಅಮ್ಮ ಸ್ಕೂಟರಿನ ಪಕ್ಕ ನಿಂತಿದ್ದರು. ಅಂದು ಮಗಳು ಕಚ್ಚಿದ್ದಕ್ಕೆ ಕ್ಷಮೆ ಕೇಳಲು ಇವಳು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು.

"ನಮ್ಮೋನೂ ಏನು ಕಮ್ಮಿ ಇಲ್ಲ. ದಿನಾ ಮನೆಗೆ ಬಂದು, ಅಮ್ಮಾ, ಬುಗುರಿಗೆ ಇವತ್ತು ಎಷ್ಟು ಬೈದ್ರು ಗೊತ್ತಾ ಅಂತ ಕಥೆ ಹೇಳ್ತಿದ್ದ. ನಿಮ್ಮಮ್ಮ ಬರ್ತಾರೆ, ನಿಂಗೆ ಬೈತಾರೆ ಅಂತ ಹಾಡನ್ನೂ ಹೇಳಿ ತೋರಿಸ್ತಿದ್ದ. ನಾನು ನಗ್ತಿದ್ದೆ ಕಣ್ರೀ." ಅವರು ಹೆಲ್ಮೆಟ್ ತಲೆಗೇರಿಸಿ ಪಟ್ಟಿ ಬಿಗಿದರು. "ಬೇರೆ ಡೇ ಕೇರ್ ನೋಡೋದನ್ನ ಸದ್ಯಕ್ಕೆ ಬಿಟ್ಟಿದೀನಿ. ಮಿಸ್‌ಗೂ ಹೇಳ್ತೀನಿ."

ತಿಂಗಳ ಕೊನೆಯ ಸಂಜೆ ಬಾಗಿಲು ತೆರೆದಾಗ, ಎಲ್ಲರಿಗೂ ಪರಿಚಯವಿದ್ದ ಆ ಧ್ವನಿ ಅಂಗಳದ ತುಂಬ ಮೊಳಗಿತು. "ಬುಗುರಿ ಅಮ್ಮ ಬಂದ್ರಾ? ಬನ್ನಿ, ಮುಂದೆ ಬನ್ನಿ!"

ಮಿಸ್ ಗಂಟಲು ಸರಿಹೋಗಿತ್ತು. ಮಫ್ಲರ್ ಇರಲಿಲ್ಲ. ಫೋನಿನಲ್ಲಿದ್ದವರು ಫೋನು ಇಳಿಸಿದರು. ಬುಗುರಿ ಹೊಸ್ತಿಲ ಮೇಲೆ ಮಿಸ್ ಪಕ್ಕದಲ್ಲಿ ನಿಂತಿದ್ದಳು. ಒಂದು ಶೂವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳ ಅಂಗಿಯ ಮುಂಭಾಗವೆಲ್ಲ ಹಸಿರು ಬಣ್ಣ. ಅವಳ ಹಿಂದೆ, ತೆರೆದ ಬಾಗಿಲಿನಿಂದ ಕಾಣುವ ಬಿಳಿಯ ಪರದೆಯ ಮೇಲೆ ಅದೇ ಹಸಿರಿನ ಪುಟ್ಟ ಪುಟ್ಟ ಅಂಗೈಗಳು ಸಾಲಾಗಿ ಮೂಡಿದ್ದವು. ಕೆಳಗಿನ ಒಂದೆರಡನ್ನು ಯಾರೋ ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ ಇನ್ನಷ್ಟು ಹರಡಿದ್ದರು. ಉಜ್ಜಿದವರು ಯಾರೆಂಬುದು ಬುಗುರಿಯ ಒದ್ದೆ ತೋಳು ನೋಡಿದರೆ ತಿಳಿಯುತ್ತಿತ್ತು.

ಅಮ್ಮ ಪರದೆಯನ್ನು ನೋಡಿದಳು. ಹಳೆಯ ಪ್ರಶ್ನೆ ಗಂಟಲವರೆಗೆ ಬಂತು. ಅದನ್ನು ನುಂಗಿಕೊಂಡಳು.

"ಬಂದ್ಯಾ?" ಎಂದಳು ಮಗಳಿಗೆ.

ಈಗ ಎಲ್ಲರೂ ಮಿಸ್ ಮುಖ ನೋಡಿದರು. ಮಿಸ್ ಬುಗುರಿಯ ತಲೆಯ ಮೇಲೆ ಕೈಯಿಟ್ಟು, ದೀರ್ಘವಾಗಿ ಉಸಿರೆಳೆದುಕೊಂಡು, ಬಾಯಿ ತೆರೆದರು. ಬುಗುರಿ ಕಣ್ಣು ಮುಚ್ಚಿಕೊಂಡಳು.

"ಇವತ್ತು..." ಎಂದ ಮಿಸ್ ಅಲ್ಲಿಗೇ ನಿಲ್ಲಿಸಿದರು. ತೆರೆದ ಬಾಯನ್ನು ಮುಚ್ಚಿದರು. ಕೆನ್ನೆ ಒಮ್ಮೆ ಉಬ್ಬಿ ಇಳಿಯಿತು. ವರ್ಷಗಳ ಅಭ್ಯಾಸ ಒಳಗೇ ಒದ್ದಾಡುತ್ತಿರುವುದು ನೋಡುವವರಿಗೆಲ್ಲ ಕಾಣುತ್ತಿತ್ತು. "ಇವತ್ತು ಚೆನ್ನಾಗಿ ಊಟ ಮಾಡಿದ್ಲು" ಎಂದರು ಕೊನೆಗೆ. ಒಂದು ಕ್ಷಣ ಬಿಟ್ಟು, "ಮುಂದಿನ ತಿಂಗಳಿಂದ ಇನ್ನೊಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟು ಕಳ್ಸಿ. ಬಣ್ಣದಲ್ಲಿ ಆಡ್ತಾರೆ" ಎಂದರು.

ಮುಂದಿನ ತಿಂಗಳಿಂದ ಎಂಬ ಮಾತು ಕಿವಿಗೆ ಬಿದ್ದಾಗ ಅಮ್ಮ ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. "ಎರಡು ಜೊತೆ ಇಡ್ತೀನಿ ಮಿಸ್" ಎಂದಳು.

ಬುಗುರಿ ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. ಇನ್ನೂ ಏನಾದರೂ ಬರಬಹುದೆಂದು ಕಾದಳು. ಬರಲಿಲ್ಲ. ಅವಳು ತಲೆಯೆತ್ತಿ ಮಿಸ್ ಮುಖವನ್ನು ಬಹಳ ಕಾಳಜಿಯಿಂದ ನೋಡಿದಳು.

"ಮಿಸ್, ಇನ್ನೂ ಗಂಟಲು ನೋವಾ?"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಮಿಸ್ ನಗಲಿಲ್ಲ. ಬಗ್ಗಿ ಬುಗುರಿಯ ಕೈಯಿಂದ ಶೂ ತೆಗೆದುಕೊಂಡು ಅವಳ ಕಾಲಿಗೆ ತೊಡಿಸುತ್ತ, ಅವಳಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಹೂಂ ಕಣೇ. ಇದು ಬೇಗ ವಾಸಿಯಾಗೋ ಹಾಗೆ ಕಾಣಲ್ಲ."